ಅಂಗಳ ಅಗಲಿಸಲು ಬರೆ ಕಡಿಯುವ ಮುನ್ನ: ಜೆಸಿಬಿ, ಹಿಟಾಚಿಯವರ ಜತೆ ಏನು ಮಾತಾಡಬೇಕು?

ಪ್ರಶ್ನೆ: ನಮ್ಮದು ಪುತ್ತೂರು ತಾಲೂಕಿನ ಒಂದು ಹಳ್ಳಿ. ಮನೆ ಗುಡ್ಡದ ಇಳಿಜಾರಿನಲ್ಲಿದೆ. ಹಿಂಬದಿಯಲ್ಲಿ ಸುಮಾರು ಆರು ಅಡಿ ಎತ್ತರದ ಬರೆ, ಅಂದರೆ ಗುಡ್ಡ ಕಡಿದಾಗ ನಿಂತ ಮಣ್ಣಿನ ಗೋಡೆ, ಇದೆ. ಅಪ್ಪ ಮನೆ ಕಟ್ಟಿಸುವಾಗ ಕಡಿಸಿದ್ದು, ಇಷ್ಟು ವರ್ಷ ಏನೂ ಆಗಿಲ್ಲ. ಅಡಿಕೆ ಒಣಹಾಕಲು ಜಾಗ ಸಾಲದೆ, 40 ಅಡಿ ಉದ್ದಕ್ಕೆ, ಗುಡ್ಡದ ಒಳಕ್ಕೆ ಇನ್ನೂ 20 ಅಡಿ ಕಡಿದು ಅಂಗಳ ಮಾಡಬೇಕೆಂದಿದ್ದೇವೆ. ಆಗ ಹಿಂದಿನ ಬರೆ 12 ಅಡಿ ಎತ್ತರವಾಗುತ್ತದೆ. ಇಬ್ಬರು ಬಂದು ನೋಡಿ ಹೋಗಿದ್ದಾರೆ. ಒಬ್ಬರು ಜೆಸಿಬಿಗೆ ಗಂಟೆ ಲೆಕ್ಕದ ದರ ಹೇಳಿ, ಎರಡು ದಿನದ ಕೆಲಸ, ಮಣ್ಣನ್ನು ಕೆಳಗಿನ ತೋಟದ ಬದಿಗೆ ದೂಡಿಬಿಡೋಣ ಎಂದರು. ಇನ್ನೊಬ್ಬರು ಮಣ್ಣು ಸಾಗಿಸುವುದೂ ಸೇರಿ ಇಡಿಯಾಗಿ ಗುತ್ತಿಗೆ ಎಂದರು. ಅದು ಮೊದಲನೆಯವರ ಅಂದಾಜಿನ ಎರಡು ಪಟ್ಟಿಗೂ ಹೆಚ್ಚು. ಮೇಲ್ಗಡೆ ನೆರೆಯವರ ಮನೆ ಇದೆ. ಈಗ ಜನವರಿ, ಮಳೆಗಾಲದೊಳಗೆ ಮುಗಿಸುವ ಆಸೆ. ಯಾರಿಗೆ ಕೆಲಸ ಕೊಡುವುದು, ಏನೇನು ಕೇಳಿ ತಿಳಿದುಕೊಳ್ಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಅಳತೆ ಇದೆ, ದರ ಇದೆ, ದಿನದ ಲೆಕ್ಕವಿದೆ. ನೀರಿನ ಮಾತು ಮಾತ್ರ ಎಲ್ಲಿಯೂ ಇಲ್ಲ. ಬಂದ ಇಬ್ಬರಲ್ಲಿ ಒಬ್ಬರಾದರೂ ಬರೆಯ ಮೇಲಕ್ಕೆ ಹತ್ತಿ ನೋಡಿದರೇ? ಮಳೆಗಾಲದಲ್ಲಿ ಮೇಲಿನ ನೀರು ಯಾವ ಕಡೆಯಿಂದ ಇಳಿದು ಬರುತ್ತದೆ, ನೆರೆಯವರ ಶೌಚದ ಗುಂಡಿ ಎಲ್ಲಿದೆ ಎಂದು ಕೇಳಿದರೇ? ಕೇಳದೆ ದರ ಹೇಳಿದ್ದರೆ ಅವರು ಹೇಳಿದ್ದು ಯಂತ್ರದ ಬಾಡಿಗೆಯನ್ನಷ್ಟೆ. ನಿಮಗೆ ಬೇಕಾಗಿರುವುದು ಬಾಡಿಗೆಗಿಂತ ದೊಡ್ಡದು. ಬಕೆಟ್ ಎಲ್ಲಿ ನಿಲ್ಲಬೇಕು, ತೆಗೆದ ಮಣ್ಣು ಎಲ್ಲಿಗೆ ಹೋಗಬೇಕು, ಬರುವ ನೀರು ಯಾವ ದಾರಿ ಹಿಡಿಯಬೇಕು, ಈ ಮೂರನ್ನು ಯಂತ್ರ ಅಂಗಳಕ್ಕೆ ಇಳಿಯುವ ಮೊದಲೇ ತೀರ್ಮಾನಿಸಿರಬೇಕು. ಅದು ತೀರ್ಮಾನವಾಗದ ಹೊರತು ಇಬ್ಬರಲ್ಲಿ ಯಾರು ಅಗ್ಗ ಎಂಬ ಪ್ರಶ್ನೆಗೆ ಅರ್ಥವಿಲ್ಲ.

ಮೊದಲು ಮಣ್ಣನ್ನು ನೋಡೋಣ. ನಮ್ಮ ಕರಾವಳಿಯ ಗುಡ್ಡಗಳಲ್ಲಿ ಸಾಮಾನ್ಯವಾಗಿ ಮೇಲೆ ಒಂದೆರಡು ಅಡಿ ಕೆಂಪು ಮಣ್ಣು, ಅದರ ಕೆಳಗೆ ಗಟ್ಟಿಯಾದ ಮುರಕಲ್ಲು (ಜಂಬಿಟ್ಟಿಗೆ), ಅದಕ್ಕೂ ಕೆಳಗೆ ಬಿಳಿ, ಗುಲಾಬಿ, ಹಳದಿ ಬಣ್ಣಗಳು ಬೆರೆತ ನುಣುಪಾದ ಶೇಡಿ ಮಣ್ಣು. ಮುರಕಲ್ಲು ಗಾಳಿಗೆ ಒಡ್ಡಿದಷ್ಟೂ ಗಡುಸಾಗುತ್ತದೆ. ನೆಟ್ಟಗೆ ಕಡಿದರೂ ವರ್ಷಾನುಗಟ್ಟಲೆ ನಿಲ್ಲುತ್ತದೆ. ಶೇಡಿಯ ಸ್ವಭಾವ ಇದಕ್ಕೆ ತದ್ವಿರುದ್ಧ. ಬೇಸಗೆಯಲ್ಲಿ ಪಿಕಾಸು ಹಾಕಿದರೂ ಬಗ್ಗದಷ್ಟು ಬಿಗಿಯಾಗಿರುತ್ತದೆ, ನೀರು ಕುಡಿದಾಗ ಬಲವನ್ನೆಲ್ಲ ಕಳೆದುಕೊಳ್ಳುತ್ತದೆ. ಜನವರಿಯಲ್ಲಿ ಬಂದು ನೋಡಿದವರಿಗೆ ಎರಡೂ ಒಂದೇ ಥರ ಗಟ್ಟಿಯಾಗಿ ಕಾಣುತ್ತವೆ. ಅಪಾಯ ಇರುವುದು ಅಲ್ಲಿಯೇ.

ಇಷ್ಟು ವರ್ಷ ಏನೂ ಆಗಿಲ್ಲ ಎಂದಿದ್ದೀರಿ. ಆ ಆರು ಅಡಿ ಬಹುಶಃ ಮುರಕಲ್ಲಿನ ಪದರದೊಳಗೇ ಮುಗಿದಿರಬಹುದು. ಅಂಗಳದ ಮಟ್ಟ ಹಾಗೆಯೇ ಇಟ್ಟುಕೊಂಡು ಗುಡ್ಡದ ಒಳಕ್ಕೆ ಇಪ್ಪತ್ತು ಅಡಿ ಹೋದರೆ, ಅಲ್ಲಿ ನೆಲದ ಮೇಲ್ಮೈಯಿಂದ ಹನ್ನೆರಡು ಅಡಿ ಆಳಕ್ಕೆ ಇಳಿದಂತಾಗುತ್ತದೆ. ಅಲ್ಲಿ ಶೇಡಿ ಇದ್ದರೆ, ಗಟ್ಟಿ ಮುರಕಲ್ಲಿನ ಭಾರವೆಲ್ಲ ಮೆತ್ತಗಿನ ಬುಡದ ಮೇಲೆ ಕೂತಿರುತ್ತದೆ. ಮೇಲಿನ ಕಲ್ಲು ನೋಡಿ ಧೈರ್ಯ ತಂದುಕೊಂಡವರ ಮನೆಗಳ ಹಿಂದೆಯೇ ಬರೆ ಜರಿದದ್ದನ್ನು ಪ್ರತಿ ಜೂನ್‌, ಜುಲೈಯಲ್ಲಿ ಪತ್ರಿಕೆಗಳಲ್ಲಿ ಓದುತ್ತೇವೆ. ಎತ್ತರದ ಲೆಕ್ಕವೂ ನೇರವಾದುದಲ್ಲ: ಬರೆ ಎರಡು ಪಟ್ಟು ಎತ್ತರವಾದರೆ ತಡೆಗೋಡೆಯ ಮೇಲೆ ಬೀಳುವ ಒತ್ತಡ ಸುಮಾರು ನಾಲ್ಕು ಪಟ್ಟಾಗುತ್ತದೆ. ಆರು ಅಡಿಯ ಅನುಭವ ಹನ್ನೆರಡು ಅಡಿಗೆ ಸಾಕ್ಷಿಯಾಗುವುದಿಲ್ಲ.

ಹಾಗಾಗಿ ಯಾರಿಗೂ ಮುಂಗಡ ಕೊಡುವ ಮೊದಲು ಒಂದು ಕೆಲಸ ಮಾಡಿ. ಹೊಸ ಬರೆಯ ಅಂಚು ಬರುವ ಸಾಲಿನಿಂದ ಸ್ವಲ್ಪ ಈಚೆಗೆ, ಕಡಿದು ಹೋಗಲಿರುವ ಜಾಗದಲ್ಲೇ, ಎರಡು ಕಡೆ ಪರೀಕ್ಷೆಗೆಂದು ಗುಂಡಿ ತೆಗೆಸಿ. ಯಂತ್ರದ ಕೈ ತಲುಪುವುದಾದರೆ ಒಂದು ಗಂಟೆಯ ಬಾಡಿಗೆಯಲ್ಲಿ ಮುಗಿಯುತ್ತದೆ. ಆ ಗುಂಡಿಯೊಳಗೆ ಯಾರೂ ಇಳಿಯಬಾರದು. ಬಕೆಟ್‌ನಲ್ಲಿ ಬಂದ ಮಣ್ಣನ್ನು ಮೇಲೆಯೇ ನೋಡಿದರೆ ಸಾಕು. ಪ್ರತಿ ಎರಡು ಮೂರು ಅಡಿ ಆಳದಿಂದ ಮುಷ್ಟಿಯಷ್ಟು ಹೆಂಟೆಯನ್ನು ಎತ್ತಿಟ್ಟುಕೊಂಡು, ಒಂದು ದಿನ ನೆರಳಿನಲ್ಲಿ ಒಣಗಿಸಿ, ಗಾಜಿನ ಲೋಟದ ನೀರಿಗೆ ಮೆಲ್ಲನೆ ಇಳಿಬಿಡಿ. ಮುರಕಲ್ಲಿನ ತುಂಡಾದರೆ ಒಂದೆರಡು ಗುಳ್ಳೆ ಬಿಟ್ಟು ಹಾಗೆಯೇ ಕೂತಿರುತ್ತದೆ, ನೀರೂ ತಿಳಿಯಾಗಿರುತ್ತದೆ. ಶೇಡಿಯಾದರೆ ಅಂಚುಗಳು ಪುಡಿಪುಡಿಯಾಗಿ ಉದುರತೊಡಗುತ್ತವೆ, ನೀರು ಹಾಲಿನ ಹಾಗೆ ಕದಡುತ್ತದೆ, ನೀವು ಕಾಫಿ ಕುಡಿದು ಬರುವಷ್ಟರಲ್ಲಿ ತಳದಲ್ಲಿ ಕೆಸರಿನ ಗುಪ್ಪೆ ಮಾತ್ರ ಉಳಿದಿರುತ್ತದೆ. ಪ್ರಯೋಗಾಲಯದ ಪರೀಕ್ಷೆಗೆ ಇದು ಸಮನಲ್ಲ. ಆದರೆ ನಿಮ್ಮ ಬರೆ ಮಳೆಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಮನೆಯವರೆಲ್ಲರೂ ಕಣ್ಣಾರೆ ನೋಡಬಹುದು. ಆ ಲೋಟವನ್ನು ಗುತ್ತಿಗೆದಾರರಿಗೂ ತೋರಿಸಿ. ನೋಡಿದ ಮೇಲೆ ಅವರು ಏನು ಹೇಳುತ್ತಾರೆ ಎಂಬುದರಿಂದಲೇ ಅವರ ಅನುಭವ ತಿಳಿಯುತ್ತದೆ.

ಹನ್ನೆರಡು ಅಡಿ ಆಳದ ಹೆಂಟೆ ಲೋಟದಲ್ಲಿ ಕರಗಿತು ಎಂದಿಟ್ಟುಕೊಳ್ಳಿ. ಆಗ ಜೆಸಿಬಿಯವರನ್ನು ಬಿಟ್ಟು, ಬರೆ ಮತ್ತು ತಡೆಗೋಡೆ ಮಾಡಿ ಅನುಭವವಿರುವ ಒಬ್ಬ ಸಿವಿಲ್ ಎಂಜಿನಿಯರರನ್ನು ಕರೆಸಿ. ಅವರ ಶುಲ್ಕ ನಿಮ್ಮ ಒಟ್ಟು ಖರ್ಚಿನ ಸಣ್ಣ ಪಾಲು. ಮೇಲೆ ಇನ್ನೊಂದು ಮನೆ ಇರುವ ನಿಮ್ಮಂಥ ಜಾಗದಲ್ಲಿ ಇದನ್ನು ತಪ್ಪಿಸಬೇಡಿ ಎಂದು ಒತ್ತಿ ಹೇಳುತ್ತೇನೆ.

ಈಗ ನಿಮ್ಮ ಅಳತೆಗೆ ಬರುತ್ತೇನೆ, ಏಕೆಂದರೆ ಇಲ್ಲಿ ದೊಡ್ಡ ಉಳಿತಾಯವಿದೆ. ಮುಂಭಾಗದಲ್ಲಿ ಆರು ಅಡಿ, ಇಪ್ಪತ್ತು ಅಡಿ ಒಳಗೆ ಹನ್ನೆರಡು ಅಡಿ, ಸರಾಸರಿ ಒಂಬತ್ತು. ಅಂದರೆ 40 × 20 × 9, ಒಟ್ಟು 7200 ಘನ ಅಡಿ, ಮರಳಿನವರ ಲೆಕ್ಕದಲ್ಲಿ 72 ಯೂನಿಟ್. ಅಗೆದ ಮಣ್ಣು ಸಡಿಲಗೊಂಡು ಉಬ್ಬುತ್ತದೆ, ನಾಲ್ಕನೇ ಒಂದು ಪಾಲು ಹೆಚ್ಚೆಂದು ಹಿಡಿಯಿರಿ. ಟಿಪ್ಪರಿಗೆ ಏರುವಾಗ ಅದು 90 ಯೂನಿಟ್. ಎರಡು ಯೂನಿಟ್ ಹಿಡಿಯುವ ಟಿಪ್ಪರಿನಲ್ಲಿ 45 ಲೋಡ್. ಇದು ನೆಟ್ಟಗೆ ಕಡಿದರೆ ಬರುವ ಲೆಕ್ಕ. ಬರೆಗೆ ಇಳಿಜಾರು ಕೊಟ್ಟರೆ ಇನ್ನೂ ಹೆಚ್ಚು.

ಇಪ್ಪತ್ತರ ಬದಲು ಹನ್ನೆರಡೇ ಅಡಿ ಒಳಗೆ ಹೋದರೆ? ಹಿಂದಿನ ಬರೆ 12 ಅಡಿಯ ಬದಲು ಒಂಬತ್ತೂವರೆ ಅಡಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಮಣ್ಣು 3700 ಘನ ಅಡಿಯ ಸುತ್ತಮುತ್ತ, ಲೋಡ್ 23 ಅಥವಾ 24. ಅಂಗಳ ಎಂಟು ಅಡಿ ಕಡಿಮೆಯಾಯಿತು, ಮಣ್ಣು ಅರ್ಧಕ್ಕರ್ಧ ಇಳಿಯಿತು. ಒಳಕ್ಕೆ ಹೋದಂತೆ ಪ್ರತಿ ಅಡಿಯೂ ಹಿಂದಿನ ಅಡಿಗಿಂತ ದುಬಾರಿ, ಹಿಂದಿನದಕ್ಕಿಂತ ಅಪಾಯಕಾರಿ. ಉಳಿದ ಎಂಟು ಅಡಿಯನ್ನು ಉದ್ದದಲ್ಲಿ ಪಡೆಯಲು ಸಾಧ್ಯವೇ, ಮನೆಯ ಇನ್ನೊಂದು ಬದಿಯಲ್ಲಿ ಜಾಗವಿದೆಯೇ, ತಾರಸಿಯಲ್ಲಿ ಒಂದು ಪಾಲು ಅಡಿಕೆ ಹರಡಬಹುದೇ ಎಂದು ಮನೆಯಲ್ಲಿ ಕೂತು ಮಾತಾಡಿ. ಇನ್ನೊಂದು ವಿಷಯ: ಎತ್ತರದ ಬರೆಯ ಬುಡದಲ್ಲಿ ಚಳಿಗಾಲದ ಬಿಸಿಲು ಬೀಳುವುದೇ ಕಡಿಮೆ. ಬರೆ ನಿಮ್ಮ ದಕ್ಷಿಣಕ್ಕೋ ಪಶ್ಚಿಮಕ್ಕೋ ಇದ್ದರೆ ಕಷ್ಟಪಟ್ಟು ಪಡೆದ ಒಳಗಿನ ಜಾಗದಲ್ಲಿ ಅಡಿಕೆ ಸರಿಯಾಗಿ ಒಣಗಲಾರದು.

ಇಪ್ಪತ್ತು ಅಡಿ ಬೇಕೇ ಬೇಕು ಎಂದಾದರೆ ಒಂದೇ ಗೋಡೆಯ ಹಾಗೆ ನೆಟ್ಟಗೆ ಕಡಿಸಬೇಡಿ. ಎರಡು ಮೆಟ್ಟಿಲಾಗಿ ಮಾಡಿಸಿ: ಕೆಳಗೆ ಆರು ಅಡಿ, ನಡುವೆ ನಾಲ್ಕಡಿ ಅಗಲದ ಸಮತಟ್ಟು, ಆಮೇಲೆ ಉಳಿದದ್ದು. ಪ್ರತಿ ಮೆಟ್ಟಿಲೂ ಸ್ವಲ್ಪ ಹಿಂದಕ್ಕೆ ವಾಲಿರಲಿ. ಶೇಡಿ ಕಂಡುಬಂದ ಕಡೆ ಆ ವಾಲು ಇನ್ನೂ ಹೆಚ್ಚಿರಬೇಕು, ಎಷ್ಟು ಎಂಬುದನ್ನು ಎಂಜಿನಿಯರರು ಹೇಳಲಿ. ನಡುವಿನ ಸಮತಟ್ಟಿನಲ್ಲಿ ಲಾವಂಚ ನೆಡಬಹುದು. ಅದರ ಬೇರು ಅಡ್ಡ ಹರಡದೆ ನೇರ ಆಳಕ್ಕಿಳಿದು ಮಣ್ಣನ್ನು ಹಿಡಿಯುತ್ತದೆ. ಬರೆಯ ಅಂಚಿನಲ್ಲಿ ದೊಡ್ಡ ಮರ ಉಳಿಸಿಕೊಂಡರೆ ಗಾಳಿಗೆ ಅದು ಅಲುಗುವಾಗ ಅಂಚೇ ಸಡಿಲಗೊಳ್ಳುತ್ತದೆ. ಅಂಥ ಮರವಿದ್ದರೆ ಕಡಿಯುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಹಲವು ಜಾತಿಗಳಿಗೆ ಅನುಮತಿ ಬೇಕು.

ಯಂತ್ರದ ಆಯ್ಕೆಯನ್ನೂ ಗುತ್ತಿಗೆದಾರರಿಗೇ ಬಿಟ್ಟುಬಿಡುವುದು ನಮ್ಮಲ್ಲಿ ರೂಢಿ. ತನ್ನ ಬಳಿ ಯಾವುದಿದೆಯೋ ಅದನ್ನೇ ಅವರು ಸೂಚಿಸುತ್ತಾರೆ, ಅದು ಸಹಜ. ಟಯರಿನ ಜೆಸಿಬಿ ಏಳೂವರೆ ಟನ್ ಆಸುಪಾಸಿನ ಯಂತ್ರ. ಮಟ್ಟಸ ನೆಲದಲ್ಲಿ ಅದಕ್ಕೆ ಸಮನಾದದ್ದಿಲ್ಲ, ಮುಂದೆ ತುಂಬುವ ಬಕೆಟ್, ಹಿಂದೆ ಅಗೆಯುವ ಕೈ ಎರಡೂ ಇರುತ್ತವೆ. ಆದರೆ ಕಡಿದಾದ ಇಳಿಜಾರನ್ನು ಅದು ಹತ್ತಲಾರದು. ಹಾಗಾಗಿ ಅಂಗಳದಲ್ಲಿ ನಿಂತು ಕೆಳಗಿನಿಂದಲೇ ಬರೆಯನ್ನು ಕೊರೆಯುತ್ತದೆ. ಬುಡ ಕೊರೆದರೆ ಮೇಲಿನದು ತಾನಾಗಿ ಬೀಳುತ್ತದೆ, ಕೆಲಸ ಬೇಗ ಸಾಗುತ್ತದೆ ಎಂಬ ಚಾಳಿ ಕೆಲವು ಆಪರೇಟರರಿಗಿದೆ. ಇದಕ್ಕೆ ಎಂದಿಗೂ ಒಪ್ಪಬೇಡಿ. ಯಾವಾಗ ಎಷ್ಟು ಬೀಳುತ್ತದೆ ಎಂಬುದು ಯಾರ ಕೈಯಲ್ಲೂ ಇರುವುದಿಲ್ಲ, ಬಿದ್ದ ಮೇಲೆ ಉಳಿದ ಬರೆಯೂ ಬಿರುಕು ಬಿಟ್ಟಿರುತ್ತದೆ. ಮೇಲಿನಿಂದ ಪದರ ಪದರವಾಗಿ ಇಳಿದು ಬರುವುದೇ ಸರಿಯಾದ ಕ್ರಮ. ಅದಕ್ಕೆ ಚೈನಿನ ಮೇಲೆ ನಡೆಯುವ ಯಂತ್ರ ಬೇಕು. ಕಂಪನಿ ಯಾವುದೇ ಇರಲಿ ನಮ್ಮ ಕಡೆ ಅದಕ್ಕೆ ಹಿಟಾಚಿ ಎಂದೇ ಹೆಸರು. ದಾರಿ ಕಿರಿದಾಗಿದ್ದರೆ ಮೂರು ಟನ್ನಿನ ಸಣ್ಣದೂ ಸಿಗುತ್ತದೆ. ನಿಮ್ಮ ಕೆಲಸಕ್ಕೆ ನಾನು ಸಣ್ಣ ಅಥವಾ ಮಧ್ಯಮ ಗಾತ್ರದ ಹಿಟಾಚಿಯಿಂದ ಮೇಲಿನಿಂದ ಕಡಿಸಿ, ಕೆಳಗೆ ಮಣ್ಣು ತುಂಬಲು ಜೆಸಿಬಿ ಇಟ್ಟುಕೊಳ್ಳುವುದನ್ನೇ ಹೇಳುತ್ತೇನೆ. ಚೈನಿನ ಯಂತ್ರವನ್ನು ಪಂಚಾಯತಿನ ಕಾಂಕ್ರೀಟ್ ರಸ್ತೆಯಲ್ಲಿ ನಡೆಸಿಕೊಂಡು ಬಂದರೆ ರಸ್ತೆ ಹಾಳಾಗುತ್ತದೆ, ಜಗಳ ನಿಮ್ಮ ಮನೆ ಬಾಗಿಲಿಗೆ ಬರುತ್ತದೆ. ಲಾರಿಯಲ್ಲಿ ಹೇರಿಕೊಂಡೇ ತರಬೇಕು, ಆ ಖರ್ಚು ಯಾರದ್ದು ಎಂದು ಮೊದಲೇ ಮಾತಾಡಿ.

ಗಂಟೆ ಲೆಕ್ಕವೋ ಗುತ್ತಿಗೆಯೋ ಎಂಬ ನಿಮ್ಮ ಮುಖ್ಯ ಪ್ರಶ್ನೆಗೆ ಈಗ ಉತ್ತರಿಸಬಹುದು. ಎರಡರಲ್ಲೂ ಒಂದೊಂದು ಸೆಳೆತವಿದೆ. ಗಂಟೆ ಲೆಕ್ಕದವರಿಗೆ ಅವಸರವಿಲ್ಲ. ಗುತ್ತಿಗೆಯವರಿಗೆ ಅವಸರವೇ ಲಾಭ. ಬರೆಗೆ ಇಳಿಜಾರು ಕೊಡುವುದು, ಅಂಚು ಸವರುವುದು, ನೀರು ಹರಿಯಲು ಕಣಿ (ಚರಂಡಿ) ತೆಗೆಯುವುದು ಎಲ್ಲವೂ ಅವರ ಲೆಕ್ಕದಲ್ಲಿ ನಷ್ಟ. ಮಣ್ಣನ್ನು ದೂರ ಒಯ್ದಷ್ಟೂ ನಷ್ಟ, ಹತ್ತಿರದ ತೋಡಿನ (ಹಳ್ಳದ) ದಂಡೆಗೆ ಸುರಿದರೆ ಲಾಭ. ಒಳಗೆ ಏನಿದೆಯೆಂದು ಯಾರಿಗೂ ತಿಳಿಯದ ನೆಲದಲ್ಲಿ ಇಡೀ ಗುತ್ತಿಗೆ ಕೊಡುವುದು ನನಗೆ ಒಪ್ಪಿಗೆಯಲ್ಲ. ಕಡಿಯುವ ಕೆಲಸ ಗಂಟೆ ಲೆಕ್ಕದಲ್ಲಿ, ಮಣ್ಣು ಸಾಗಣೆ ಲೋಡ್ ಲೆಕ್ಕದಲ್ಲಿ, ಇಷ್ಟು ಗಂಟೆ ದಾಟಿದರೆ ನಿಲ್ಲಿಸಿ ನನ್ನನ್ನು ಕೇಳಬೇಕು ಎಂಬ ಒಂದು ಮಿತಿ: ನಿಮ್ಮಂಥ ಕೆಲಸಕ್ಕೆ ಇದೇ ಹೊಂದುತ್ತದೆ. ಮನೆಯವರೊಬ್ಬರು ದಿನವಿಡೀ ಅಲ್ಲಿರಬೇಕಾಗುತ್ತದೆ. ಇರಲಿ, ಎರಡು ಮೂರು ದಿನ ರಜೆ ಹಾಕಿಯಾದರೂ ಇರಿ.

ಗಂಟೆ ಲೆಕ್ಕ ಎಂದರೆ ಯಂತ್ರದೊಳಗಿನ ಮೀಟರ್. ಅದು ಎಂಜಿನ್ ಓಡುವಷ್ಟು ಹೊತ್ತು ಓಡುತ್ತದೆ, ಬಕೆಟ್ ಮಣ್ಣಿಗೆ ತಾಗದಿದ್ದರೂ ಓಡುತ್ತದೆ. ಓದುವ ಕ್ರಮವನ್ನು ತಿಳಿದಿರಿ: ಬಿಂದುವಿನ ನಂತರದ ಅಂಕಿ ಗಂಟೆಯ ಹತ್ತನೇ ಪಾಲು. 1245.3 ಎಂದಿದ್ದರೆ ಕೊನೆಯ ಮೂರು ಎಂದರೆ ಮೂರು ನಿಮಿಷವಲ್ಲ, ಹದಿನೆಂಟು ನಿಮಿಷ. ಬೆಳಿಗ್ಗೆ ನಿಮ್ಮ ಅಂಗಳದಲ್ಲಿ ಕೆಲಸ ಶುರುವಾಗುವ ಮೊದಲು ಮತ್ತು ಸಂಜೆ ನಿಂತ ಮೇಲೆ ಮೊಬೈಲಿನಲ್ಲಿ ಮೀಟರಿನ ಫೋಟೊ ತೆಗೆದು, ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಆಪರೇಟರರಿಂದ ಸಹಿ ಹಾಕಿಸಿ. ಪ್ರಾಮಾಣಿಕರು ಇದಕ್ಕೆ ಬೇಸರಪಡುವುದಿಲ್ಲ. ಬಂದು ಹೋಗುವ ಓಡಾಟಕ್ಕೆ ಎಷ್ಟು, ಕನಿಷ್ಠ ಎಷ್ಟು ಗಂಟೆ ಹಿಡಿಯುತ್ತಾರೆ, ಆಪರೇಟರರ ಬಾಟಾ (ದಿನದ ಭತ್ಯೆ) ಸೇರಿದೆಯೇ, ಗಟ್ಟಿ ಕಲ್ಲು ಸಿಕ್ಕಿ ಬ್ರೇಕರ್ ಹಾಕಬೇಕಾದರೆ ಆ ದರವೇನು, ಇವನ್ನೂ ಕೇಳಿ. ಬಾಡಿಗೆ ದರ ಊರಿಂದ ಊರಿಗೆ, ಡೀಸೆಲ್ ಬೆಲೆಯ ಜತೆಗೆ ಬದಲಾಗುತ್ತದೆ. ನಿಮ್ಮ ಆಸುಪಾಸಿನಲ್ಲೇ ಮೂವರನ್ನು ಕೇಳಿದರೆ ನ್ಯಾಯವಾದ ದರ ತಿಳಿಯುತ್ತದೆ.

ಎರಡು ದಿನದ ಕೆಲಸ ಎಂಬ ಮಾತನ್ನು ನಂಬಬೇಡಿ. ಬರಿಯ ಅಗೆತ ಎರಡು ದಿನದಲ್ಲಿ ಆಗಬಹುದು, ಸಾಗಣೆಯೂ ಅಷ್ಟರಲ್ಲೇ ಮುಗಿಯುತ್ತದೆ ಎನ್ನಲಾಗದು. ಒಂದು ಟಿಪ್ಪರ್ ಹೋಗಿ ಸುರಿದು ಬರಲು ಅರ್ಧ ಗಂಟೆ ಹಿಡಿದರೆ, ಎರಡು ಟಿಪ್ಪರಿನಿಂದ ಗಂಟೆಗೆ ನಾಲ್ಕೇ ಲೋಡ್. 45 ಲೋಡಿಗೆ ಹನ್ನೊಂದು ಗಂಟೆಗೂ ಹೆಚ್ಚು. ಸುರಿಯುವ ಜಾಗ ದೂರವಿದ್ದರೆ ಟಿಪ್ಪರ್ ಬರುವ ತನಕ ಯಂತ್ರ ಸುಮ್ಮನೆ ನಿಂತಿರುತ್ತದೆ, ಮೀಟರ್ ಮಾತ್ರ ಓಡುತ್ತಿರುತ್ತದೆ. ಟಿಪ್ಪರ್ ಕಾಯುವಾಗ ಎಂಜಿನ್ ನಿಲ್ಲಿಸಬೇಕು ಎಂಬುದನ್ನು ಮಾತಿನಲ್ಲೇ ಸೇರಿಸಿ.

ಮಣ್ಣನ್ನು ತೋಟದ ಬದಿಗೆ ದೂಡುವ ಸಲಹೆಯನ್ನು ಖಂಡಿತ ಬಿಟ್ಟುಬಿಡಿ. ತೊಂಬತ್ತು ಯೂನಿಟ್ ಸಡಿಲ ಮಣ್ಣು ಇಳಿಜಾರಿನ ಮೇಲೆ ಸುಮ್ಮನೆ ಕೂರುವುದಿಲ್ಲ. ಜೂನ್ ತಿಂಗಳಲ್ಲಿ ಅದು ತೋಟದ ಬಸಿಗಾಲುವೆಗಳಿಗೆ ಇಳಿಯುತ್ತದೆ. ಬಸಿಗಾಲುವೆ ಮುಚ್ಚಿದ ಅಡಿಕೆ ತೋಟದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಅಲ್ಲಿಂದ ತೋಡಿಗೆ, ತೋಡಿನಿಂದ ಕೆಳಗಿನವರ ಗದ್ದೆಗೆ. ಅಂಗಳಕ್ಕೆ ಜಾಗ ಮಾಡಲು ಹೋಗಿ ಹತ್ತಿಪ್ಪತ್ತು ವರ್ಷ ಬೆಳೆಸಿದ ಮರಗಳನ್ನು ಕಳೆದುಕೊಳ್ಳುವುದು ಬೇಡ. ಜಮೀನಿನಲ್ಲೇ ತಗ್ಗು ಜಾಗವಿದ್ದು ಅಲ್ಲಿಗೆ ತುಂಬಿಸುವುದಾದರೆ, ಒಂದೊಂದು ಪದರ ಒಂಬತ್ತು ಇಂಚು ಮೀರದಂತೆ ಹರಡಿ, ನೀರು ಚಿಮುಕಿಸಿ, ರೋಲರ್ ಹಾಯಿಸಿ ಗಟ್ಟಿ ಮಾಡಬೇಕು. ಜೆಸಿಬಿ ಅದರ ಮೇಲೆ ನಾಲ್ಕು ಬಾರಿ ಓಡಾಡಿದರೆ ಸಾಕು ಎನ್ನುವವರಿದ್ದಾರೆ. ಟಯರ್ ಹೋದ ಎರಡು ಗೆರೆ ಗಟ್ಟಿಯಾಗುತ್ತದೆ, ಉಳಿದದ್ದು ಹಾಗೆಯೇ ಇರುತ್ತದೆ. ಮೇಲಿನ ಒಂದಡಿ ಫಲವತ್ತಾದ ಮಣ್ಣನ್ನು ಮಾತ್ರ ಬೇರೆಯಾಗಿ ತೆಗೆದಿಡಿಸಿ, ಅದು ತೋಟಕ್ಕೆ ಬೇಕಾಗುತ್ತದೆ.

ಜಾಗದಿಂದ ಹೊರಗೆ ಸಾಗಿಸುವುದಾದರೆ ಕಾನೂನಿನ ವಿಷಯವಿದೆ. ಕಟ್ಟಡ, ರಸ್ತೆ ಮುಂತಾದವುಗಳಿಗೆ ತುಂಬಲು, ಸಮತಟ್ಟು ಮಾಡಲು ಬಳಸುವ ಸಾಮಾನ್ಯ ಮಣ್ಣನ್ನೂ ಕೇಂದ್ರ ಸರಕಾರ 2000ದ ಫೆಬ್ರವರಿಯಲ್ಲಿ ಉಪಖನಿಜವೆಂದು ಘೋಷಿಸಿದೆ. ಕಟ್ಟಡಕ್ಕಾಗಿ ಅಗೆದ ಮಣ್ಣನ್ನು ಅದೇ ಜಾಗದಲ್ಲಿ ಮತ್ತೆ ಹಾಕಿಕೊಳ್ಳುವುದಕ್ಕೂ ಹೊರಗೆ ಬಳಸುವುದಕ್ಕೂ ವ್ಯತ್ಯಾಸವಿದೆ ಎಂಬುದು 2014ರ ಸುಪ್ರೀಂ ಕೋರ್ಟಿನ ಒಂದು ತೀರ್ಪಿನಲ್ಲಿ ಸ್ಪಷ್ಟವಾಗಿದೆ. ಅದರಲ್ಲೂ ಮುರಕಲ್ಲು ಹೊರಟರೆ ಇಲಾಖೆಯ ಕಣ್ಣು ಇನ್ನೂ ಚುರುಕಾಗಿರುತ್ತದೆ. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ, ಬೇಕಾದ ಪರವಾನಗಿ ಪಡೆದೇ ಟಿಪ್ಪರ್ ಹೊರಡಿಸಿ. ಗುತ್ತಿಗೆದಾರರು ಎಲ್ಲ ನಾವು ನೋಡಿಕೊಳ್ಳುತ್ತೇವೆ ಎಂದರೆ ಏನನ್ನು, ಯಾವ ಕಾಗದದಿಂದ ಎಂದು ಕೇಳಿ. ಸುರಿಯುವ ಜಾಗವನ್ನು ನೀವೇ ಹೋಗಿ ನೋಡಿ.

ನೆರೆಯವರ ವಿಷಯ. ಅವರ ಮನೆ ಬರೆಯಿಂದ ಎಷ್ಟು ದೂರ ಎಂದು ನೀವು ಬರೆದಿಲ್ಲ. ಅವರ ನೆಲಕ್ಕೆ ನಿಮ್ಮ ನೆಲ ಆಧಾರ. ಸಹಜ ಸ್ಥಿತಿಯಲ್ಲಿರುವ ಭೂಮಿಗೆ ಪಕ್ಕದ ಭೂಮಿಯಿಂದ ಸಿಗುವ ಆ ಆಧಾರ 1882ರ ಭಾರತೀಯ ಅನುಭೋಗ (ಈಸ್‌ಮೆಂಟ್) ಕಾಯ್ದೆಯಲ್ಲೇ ಮಾನ್ಯವಾದ ಹಕ್ಕು. ಅದನ್ನು ಕಡಿದು ಅವರ ಅಂಗಳ ಬಿರಿದರೆ ಹೊಣೆ ನಿಮ್ಮದಾಗುತ್ತದೆ. ಮೊದಲು ಗಡಿಕಲ್ಲು ಖಚಿತಪಡಿಸಿಕೊಳ್ಳಿ, ಗಡಿಯ ತನಕ ಕಡಿಯಬೇಡಿ. ಆಮೇಲೆ ಅವರ ಮನೆಗೆ ಹೋಗಿ ನಿಮ್ಮ ಯೋಜನೆ ಹೇಳಿ, ಅವರ ಶೌಚದ ಗುಂಡಿ, ಬಚ್ಚಲ ನೀರು, ಚಾವಣಿಯ ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡಿ. ಮಳೆನೀರು ಇಂಗಿಸುವುದು ಒಳ್ಳೆಯ ಕೆಲಸವೆಂದು ಎಲ್ಲೆಡೆ ಹೇಳುತ್ತೇವೆ, ನಾನೂ ಹೇಳುತ್ತೇನೆ. ಆದರೆ ಕಡಿದ ಬರೆಯ ನೆತ್ತಿಯಲ್ಲಿ ಇಂಗುಗುಂಡಿ ಇರಲೇಬಾರದು. ಅಲ್ಲಿ ಇಂಗಿದ ಪ್ರತಿ ಕೊಡ ನೀರೂ ನಿಮ್ಮ ಮನೆಯ ಹಿಂದಿನ ಶೇಡಿಗೆ ಇಳಿಯುತ್ತದೆ.

2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜಾರಿದಾಗ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಅತಿಯಾದ ಮಳೆಯ ಜತೆಗೆ ಮನೆ, ರಸ್ತೆಗಳಿಗಾಗಿ ಇಳಿಜಾರನ್ನು ಕಡಿದದ್ದನ್ನೂ ಕಾರಣವಾಗಿ ಹೇಳಿದ್ದರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಬಂದದ್ದೂ ರಸ್ತೆಗಾಗಿ ಕಡಿದ ಬದಿಯಿಂದಲೇ. ಎರಡೂ ಕಡೆ ಬುಡ ಕಡಿದಿತ್ತು, ಮೇಲಿನಿಂದ ನೀರು ತುಂಬಿತ್ತು. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಬರುವ ನಮ್ಮ ಜಿಲ್ಲೆಯಲ್ಲಿ ಮನೆಯ ಹಿಂದಿನ ಸಣ್ಣ ಬರೆಗೂ ಅದೇ ನಿಯಮ.

ಆದ್ದರಿಂದ ನೀರಿನ ಕೆಲಸವನ್ನು ಅಗೆತದ ಭಾಗವಾಗಿಯೇ ಮಾತಾಡಿ. ಬರೆಯ ಮೇಲೆ, ಅಂಚಿನಿಂದ ಆರೇಳು ಅಡಿ ಹಿಂದೆ, ಬರುವ ನೀರನ್ನು ಅಡ್ಡಗಟ್ಟಿ ಪಕ್ಕಕ್ಕೆ ಒಯ್ಯುವ ಕಣಿ ಬೇಕು. ಅದಕ್ಕೆ ಕಾಂಕ್ರೀಟ್ ಹಾಕಲೇಬೇಕು. ಬರಿಯ ಮಣ್ಣಿನ ಕಣಿ ನೀರನ್ನು ಬರೆಯೊಳಕ್ಕೇ ಕುಡಿಸುತ್ತದೆ. ಬರೆಯ ಬುಡದಲ್ಲಿ ಇನ್ನೊಂದು ಕಣಿ. ಅಂಗಳದ ನೆಲಕ್ಕೆ ಹತ್ತು ಅಡಿಗೆ ಒಂದೂವರೆ ಇಂಚಿನಷ್ಟು ಇಳಿಜಾರು, ಅದು ಮನೆಯ ಕಡೆಗೆ ಇರಬಾರದು. ತಡೆಗೋಡೆ ಕಟ್ಟುವುದಾದರೆ ಅದರ ಬುಡದ ಅಗಲ ಎತ್ತರದ ಅರ್ಧದಷ್ಟಾದರೂ ಇರುತ್ತದೆ ಎಂದು ಅಂದಾಜಿಟ್ಟುಕೊಳ್ಳಿ; ಅಷ್ಟು ಜಾಗ ನಿಮ್ಮ ಅಂಗಳದಿಂದಲೇ ಹೋಗುತ್ತದೆ. ಗೋಡೆಯ ಹಿಂದೆ ಜಲ್ಲಿ, ಗೋಡೆಯಲ್ಲಿ ಐದಾರು ಅಡಿಗೊಂದು ಮೂರು ಇಂಚಿನ ಪೈಪ್, ಹಿಂದಿನ ನೀರು ಹೊರಬರಲು. ಪೈಪಿಲ್ಲದ ಗೋಡೆ ಮಣ್ಣಿನ ಜತೆ ನೀರಿನ ಒತ್ತಡವನ್ನೂ ಹೊರಬೇಕಾಗುತ್ತದೆ, ಎಷ್ಟು ದಪ್ಪವಿದ್ದರೂ ಒಂದು ದಿನ ವಾಲುತ್ತದೆ.

ಗೋಡೆ ಕಟ್ಟುವವರ ಜೀವದ ಬಗ್ಗೆ ಒಂದು ಮಾತು. ಬರೆ ಕುಸಿದು ಸಾಯುವವರಲ್ಲಿ ಬುಡದಲ್ಲಿ ಅಡಿಪಾಯ ತೆಗೆಯುತ್ತಿದ್ದ ಕೂಲಿಯವರೇ ಎಷ್ಟೋ ಮಂದಿ. ಅಗೆತದ ಸುರಕ್ಷತೆಗಾಗಿ ಇರುವ ಭಾರತೀಯ ಮಾನಕ ಐಎಸ್ 3764, ಒಂದೂವರೆ ಮೀಟರಿಗಿಂತ ಆಳದ ಕಣಿಗೆ ಬದಿಗಳಲ್ಲಿ ಆಧಾರ ಕೊಡಲೇಬೇಕು ಎನ್ನುತ್ತದೆ, ತೆಗೆದ ಮಣ್ಣನ್ನು ಅಂಚಿಗೆ ರಾಶಿ ಹಾಕಬಾರದು ಎನ್ನುತ್ತದೆ. ನಲವತ್ತು ಅಡಿ ಉದ್ದದ ಅಡಿಪಾಯವನ್ನು ಒಮ್ಮೆಗೇ ತೆರೆಯಬೇಡಿ. ಹತ್ತು ಅಡಿ ತೆರೆದು, ಕಟ್ಟಿ, ನಡುವೆ ಹತ್ತು ಅಡಿ ಬಿಟ್ಟು, ಮುಂದಿನದನ್ನು ತೆರೆಯಲಿ. ಕೆಲಸದವರು ಬುಡದಲ್ಲಿರುವಾಗ ಒಬ್ಬರು ಮೇಲೆ ನೋಡುತ್ತಾ ನಿಂತಿರಲಿ. ಹೆಡ್‌ಲೈಟ್ ಹಾಕಿಕೊಂಡು ರಾತ್ರಿ ಮುಗಿಸಿಬಿಡೋಣ ಎಂದರೆ ಬೇಡವೆನ್ನಿ.

ನೆಲದಡಿಯ ವಸ್ತುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಬೋರ್‌ವೆಲ್‌ನ ಕೇಬಲ್, ನೀರಿನ ಪೈಪ್, ಶೌಚದ ಗುಂಡಿಯ ಚಪ್ಪಡಿ ಎಲ್ಲವನ್ನೂ ಸುಣ್ಣದ ಪುಡಿಯಿಂದ ಗುರುತಿಸಿ. ಆ ಚಪ್ಪಡಿಯ ಮೇಲೆ ಜೆಸಿಬಿ ಹತ್ತಿದರೆ ಒಡೆಯುತ್ತದೆ. ಬಾವಿಯಿಂದ ಯಂತ್ರ ದೂರವಿರಲಿ. ಮನೆಗೆ ಬರುವ ವಿದ್ಯುತ್ ತಂತಿ ಬಕೆಟ್ ಏಳುವ ಎತ್ತರದಲ್ಲಿದ್ದರೆ ಮೆಸ್ಕಾಂ ಶಾಖಾ ಕಚೇರಿಗೆ ಹೇಳಿ ಆ ಹೊತ್ತಿಗೆ ಸಂಪರ್ಕ ತೆಗೆಸಿ. ರಸ್ತೆ ಬದಿಯನ್ನು ಅಗೆಯಬೇಕಾದರೆ 2023ರಲ್ಲಿ ಬಂದ ಕಾಲ್ ಬಿಫೋರ್ ಯು ಡಿಗ್ ಆ್ಯಪ್‌ನಲ್ಲಿ ಮೊದಲೇ ತಿಳಿಸುವ ವ್ಯವಸ್ಥೆ ಇದೆ.

ಗುತ್ತಿಗೆದಾರರನ್ನು ಅಳೆಯಲು ನನ್ನ ಬಳಿ ಇರುವ ಒಳ್ಳೆಯ ದಾರಿ ಅವರ ಹಳೆಯ ಕೆಲಸ. ಎರಡು ಮಳೆಗಾಲ ದಾಟಿದ, ನಿಮ್ಮದರಷ್ಟೇ ಎತ್ತರದ ಒಂದು ಬರೆಯನ್ನು ತೋರಿಸಿ ಎನ್ನಿ. ಅಲ್ಲಿ ಹೋಗಿ ಆ ಮನೆಯವರ ಜತೆ, ಸಾಧ್ಯವಾದರೆ ಆ ಮನೆಯ ನೆರೆಯವರ ಜತೆ ಮಾತಾಡಿ. ಅಲ್ಲಿ ಯಂತ್ರ ನಡೆಸಿದ ಆಪರೇಟರರೇ ನಿಮ್ಮಲ್ಲಿಗೂ ಬರುತ್ತಾರೆಯೇ ಎಂದು ಕೇಳಿ. ಮಾತಾಡುವವರು ಮಾಲೀಕರು, ಕಡಿಯುವ ಕೈ ಇನ್ನೊಬ್ಬರದು. ನಿಮ್ಮ ಬರೆ ನಿಲ್ಲುವುದು ಆ ಕೈಯ ಹದದ ಮೇಲೆ. ಯಂತ್ರದ ನೋಂದಣಿ ಪತ್ರ, ಚಾಲ್ತಿಯಲ್ಲಿರುವ ವಿಮೆ, ಆಪರೇಟರರ ಪರವಾನಗಿ ನೋಡಲು ಕೇಳಿ. ಒಪ್ಪಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ಒಂದು ಕೈಗೀಚಿನ ನಕ್ಷೆಯೂ ಅದರಲ್ಲಿರಲಿ: ಎಲ್ಲಿಯ ತನಕ, ಎಷ್ಟು ಎತ್ತರ, ಎಷ್ಟು ವಾಲು, ಕಣಿ ಎಲ್ಲಿ, ಮಣ್ಣು ಎಲ್ಲಿಗೆ. ಹಣದ ಐದನೇ ಒಂದು ಪಾಲನ್ನು ಮೇಲಿನ ಕಣಿ ಮುಗಿಯುವ ತನಕ ಇಟ್ಟುಕೊಳ್ಳಿ.

ನಿಮ್ಮ ಇಬ್ಬರಲ್ಲಿ ಯಾರು ಎಂದರೆ, ಈಗಿರುವ ಹಾಗೆ ಇಬ್ಬರೂ ಅಲ್ಲ. ಹನ್ನೆರಡೇ ಅಡಿ ಒಳಕ್ಕೆ ಎಂಬ ಹೊಸ ಅಳತೆ, ಲೋಟದ ಮಣ್ಣು, ಕಣಿಯ ನಕ್ಷೆ ಇಟ್ಟುಕೊಂಡು ಇಬ್ಬರನ್ನೂ ಮತ್ತೊಮ್ಮೆ ಕರೆಸಿ. ಮೇಲಿನಿಂದ ಕಡಿಯಲು, ಮಣ್ಣನ್ನು ಹೇಳಿದ ಜಾಗಕ್ಕೇ ಒಯ್ಯಲು ಯಾರು ಒಪ್ಪುತ್ತಾರೋ ಅವರಿಗೆ ಕೊಡಿ, ದರ ಸ್ವಲ್ಪ ಹೆಚ್ಚಾದರೂ ಸರಿ. ಇಬ್ಬರೂ ಒಪ್ಪದಿದ್ದರೆ ಮೂರನೆಯವರನ್ನು ಹುಡುಕಿ.

ಸಮಯದ ಲೆಕ್ಕ ಹೀಗಿರಲಿ: ಅಗೆತ ಫೆಬ್ರವರಿಯೊಳಗೆ, ಗೋಡೆ ಮತ್ತು ಎರಡೂ ಕಣಿ ಏಪ್ರಿಲ್ ಮಧ್ಯದೊಳಗೆ. ಮೇ ತಿಂಗಳ ಗುಡುಗು ಮಳೆಗೆ ತೆರೆದ ಬರೆ ಸಿಗಬಾರದು. ಫೆಬ್ರವರಿ ಕೊನೆಯ ತನಕವೂ ಯಂತ್ರ ಬಾರದಿದ್ದರೆ ಈ ವರ್ಷ ಕೈಬಿಡಿ. ಮಳೆಗಾಲದಲ್ಲಿ ಆ ಗುಡ್ಡದಿಂದ ನೀರು ಎಲ್ಲೆಲ್ಲಿ ಇಳಿಯುತ್ತದೆ, ಹಳೆಯ ಬರೆಯ ಯಾವ ಜಾಗದಲ್ಲಿ ಒಸರುತ್ತದೆ ಎಂದು ನೋಡಿ ಗುರುತು ಮಾಡಿಕೊಂಡು, ನವೆಂಬರಿನಲ್ಲಿ ಮಳೆ ಹಿಂದೆ ಸರಿದ ಕೂಡಲೇ ಶುರು ಮಾಡಿ. ಒಂದು ಕೊಯ್ಲಿನ ಅಡಿಕೆ ತಾರಸಿಯಲ್ಲಿ ಒಣಗಲಿ.